ಕಾರು ಪ್ರವಾಸಕ್ಕೆ ದಿಢೀರ್ ಡೇರೆ: ಅನುಕೂಲವೆಷ್ಟು, ತೊಡಕೆಷ್ಟು?

ಮುಂಬಯಿ, ಪುಣೆಗಳ ನಮ್ಮ ಕುಟುಂಬಗಳು ಶನಿವಾರ ಕೆಲಸ ಮುಗಿಸಿ ಹೊರಟರೆ, ಲೋಣಾವಳದ ಸಮೀಪದ ಪವನಾ ಜಲಾಶಯವನ್ನು ತಲುಪುವಷ್ಟರಲ್ಲಿ ಕತ್ತಲಾಗಿರುತ್ತದೆ. ಟಾರ್ಚಿನ ಬೆಳಕಿನಲ್ಲಿ ಕೋಲು ಜೋಡಿಸುವ ಕಷ್ಟವನ್ನು ತಪ್ಪಿಸುವುದೇ ದಿಢೀರ್ ಡೇರೆಯ ಮುಖ್ಯ ಗುಣ.

ಇವುಗಳಲ್ಲಿ ಎರಡು ಬಗೆ. ಒಂದರಲ್ಲಿ ಬಾಗುವ ಬಳೆಗಳು ಬಟ್ಟೆಯೊಡನೆಯೇ ಸೇರಿಕೊಂಡಿದ್ದು, ಪಟ್ಟಿ ಬಿಚ್ಚಿ ಎಸೆದೊಡನೆ ಡೇರೆ ತಾನೇ ಅರಳುತ್ತದೆ. ಫ್ರಾನ್ಸಿನ ಡೆಕಾಥ್ಲಾನ್ ಸಂಸ್ಥೆಯು ಕೆಶುವಾ ಹೆಸರಿನಲ್ಲಿ 2005ರಲ್ಲಿ ಹೊರತಂದ ‘ಟೂ ಸೆಕೆಂಡ್ಸ್’ ಈ ಬಗೆಯದು. ಇನ್ನೊಂದರಲ್ಲಿ ಕೀಲುಳ್ಳ ಕೋಲುಗಳನ್ನು ಕೊಡೆಯಂತೆ ಬಿಡಿಸಿ ನಿಲ್ಲಿಸಬೇಕು. ಬಗ್ಗಲಾಗದ ಹಿರಿಯರಿರುವ ಮನೆಗೆ ಈ ಬಗೆಯಲ್ಲಿ ದೊರೆಯುವ ಎತ್ತರದ ಡೇರೆಯೇ ಮೇಲು.

ಆದರೆ ಬಿಡಿಸುವಾಗ ಉಳಿದ ಸಮಯವನ್ನು ಮಡಿಸುವಾಗ ತೆರಬೇಕಾಗುತ್ತದೆ. ಬಳೆಯ ಡೇರೆಯನ್ನು ತಿರುಚಿ ಸುತ್ತುವುದಕ್ಕೊಂದು ಕ್ರಮವಿದೆ. ಮನೆಯಲ್ಲಿ ಒಮ್ಮೆಯೂ ಅಭ್ಯಾಸ ಮಾಡದೆ ಹೊರಟ ನಾವು ಮುಕ್ಕಾಲು ಗಂಟೆ ಹೆಣಗಿದ್ದುಂಟು, ನಗುವವರಿಗೇನೂ ಕೊರತೆಯಿರಲಿಲ್ಲ. ಮಡಿಸಿದ ಮೇಲೂ ಅದು ಅಗಲವಾದ ದುಂಡು ತಟ್ಟೆ. ಕೀಲಿನ ಡೇರೆಯಂತೂ ಉದ್ದನೆಯ ಭಾರದ ಮೂಟೆ. ಸಣ್ಣ ಕಾರಿನ ಡಿಕ್ಕಿಯನ್ನು ಅಳೆದೇ ಕೊಳ್ಳತಕ್ಕದ್ದು.

ಸಾಮಾನ್ಯ ಡೇರೆಯ ಕೋಲು ಮುರಿದರೆ ತುಂಡೊಂದನ್ನು ಬದಲಿಸಬಹುದು. ಕೀಲು ಮುರಿದರೆ ದುರಸ್ತಿ ಸುಲಭವಲ್ಲ. ಒಂಟಿ ಪದರದ ಅಗ್ಗದ ಡೇರೆಯಲ್ಲಿ ನಮ್ಮ ಉಸಿರಿನ ತೇವವೇ ಬೆಳಗಿನ ಜಾವ ತೊಟ್ಟಿಕ್ಕುತ್ತದೆ, ಆದ್ದರಿಂದ ಎರಡು ಪದರವಿರಲಿ. ಸಹ್ಯಾದ್ರಿಯ ಗಾಳಿಗೆ ಗೂಟ, ಹಗ್ಗ ಬಿಗಿಯಲೇಬೇಕು. ಪೆಟ್ಟಿಗೆಯ ಮೇಲೆ ಬರೆದ ಸೆಕೆಂಡುಗಳಲ್ಲಿ ಆ ಕೆಲಸ ಸೇರಿಲ್ಲ.

ಡೇರೆ ಯಾವುದೇ ಇರಲಿ, ಚಳಿಯೆಂದು ಒಳಗೆ ಇದ್ದಿಲ ಒಲೆಯನ್ನಾಗಲಿ ಗ್ಯಾಸ್ ಸ್ಟೌವನ್ನಾಗಲಿ ಹಚ್ಚಕೂಡದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಮಲಗಿದವರನ್ನು ಎಚ್ಚರಿಸದೆಯೇ ಕೊಲ್ಲುತ್ತದೆ.