ಕುದುರೆಯನ್ನು ನೊಣದಿಂದ ಕಾಯುವ ವಿದ್ಯೆ ನಡೆದುಬಂದ ದಾರಿ

ಲಾಯದಲ್ಲಿ ಕಟ್ಟಿದ ಕುದುರೆ ಮೇವು ಬಿಟ್ಟು ಮತ್ತೆ ಮತ್ತೆ ಕಾಲು ಅಪ್ಪಳಿಸುತ್ತಿದ್ದರೆ, ಬಗ್ಗಿ ಅದರ ಮೊಣಕಾಲಿನ ಕೆಳಭಾಗವನ್ನು ನೋಡಬೇಕು. ಮನೆನೊಣದಷ್ಟೇ ದೊಡ್ಡ, ಬೂದು ಬಣ್ಣದ ನೊಣಗಳು ತಲೆ ಮೇಲೆ ಮಾಡಿಕೊಂಡು ಕೂತಿರುತ್ತವೆ. ಮನೆನೊಣ ನೆಕ್ಕಿ ತಿನ್ನುವ ಪ್ರಾಣಿ. ಇದರ ಬಾಯಿಂದ ಮಾತ್ರ ಗಟ್ಟಿಯಾದ ಸೂಜಿಯೊಂದು ಮುಂದಕ್ಕೆ ಚಾಚಿರುತ್ತದೆ. ಇದು ಲಾಯದ ನೊಣ, ಸ್ಟೊಮಾಕ್ಸಿಸ್. ಗಂಡೂ ಹೆಣ್ಣೂ ರಕ್ತ ಹೀರುತ್ತವೆ. ಬಯಲಿನಲ್ಲಿ, ಕೆರೆ ಅಂಚಿನಲ್ಲಿ, ಜೌಗು ಇರುವ ಕಡೆ ಹಗಲು ಬಿಸಿಲಲ್ಲಿ ಬರುವ ಕುದುರೆನೊಣ ಇದಕ್ಕಿಂತ ಬಹಳ ದೊಡ್ಡದು. ಅದರಲ್ಲಿ ಕಚ್ಚುವುದು ಹೆಣ್ಣು ಮಾತ್ರ. ಅದು ಚರ್ಮವನ್ನು ಕತ್ತರಿಸಿ, ಒಸರಿದ ರಕ್ತವನ್ನು ನೆಕ್ಕುತ್ತದೆ. ಹಾರಿಹೋದ ಮೇಲೂ ಗಾಯದಿಂದ ಒಂದೆರಡು ಹನಿ ರಕ್ತ ರೋಮದ ಮೇಲೆ ಇಳಿಯುತ್ತದೆ. ಮೂರನೆಯದು ಕ್ಯುಲಿಕಾಯ್ಡಿಸ್ ಎಂಬ ನುಸಿ. ಒಂದರಿಂದ ಮೂರು ಮಿಲಿಮೀಟರ್ ಉದ್ದದ ಈ ಹುಳು ಹೊತ್ತು ಮುಳುಗುವಾಗ ಹೊರಟರೆ ಬೆಳಗಿನ ಜಾವದವರೆಗೂ ಕಚ್ಚುತ್ತದೆ.

ಈ ಮೂರೂ ಹುಟ್ಟುವ ಜಾಗ ಬೇರೆ, ಕಚ್ಚುವ ಹೊತ್ತು ಬೇರೆ, ತರುವ ರೋಗ ಬೇರೆ. ಇದನ್ನು ಬಿಡಿಸಿ ತಿಳಿಯುವವರೆಗೆ ಮನುಷ್ಯ ಮಾಡಿದ ಉಪಾಯಗಳೆಲ್ಲ ಅರ್ಧಂಬರ್ಧ ಫಲಿಸಿದವು. ತಿಳಿದ ಮೇಲೆ ಬಂದ ಉಪಾಯಗಳಲ್ಲಿ ಬಹುಪಾಲು ದುಬಾರಿಯವೂ ಅಲ್ಲ. ಈ ವಿದ್ಯೆಯ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದೇ.

ಮೊದಲ ರಕ್ಷಣೆ ಕುದುರೆಯ ಮೈಯಲ್ಲೇ ಇದೆ. ನೊಣ ಕೂತ ಜಾಗದ ಚರ್ಮವನ್ನಷ್ಟೇ ಅದು ನಡುಗಿಸಬಲ್ಲದು. ಎರಡು ಕುದುರೆಗಳು ತಲೆಗೆ ಬಾಲ ಸೇರಿಸಿ ನಿಂತು ಒಂದರ ಮುಖವನ್ನು ಇನ್ನೊಂದರ ಬಾಲದಿಂದ ಕಾಯುತ್ತವೆ. ಬಾಲದ ಬೀಸು ಎಬ್ಬಿಸುವ ಗಾಳಿಯೇ ಸೊಳ್ಳೆಗಳಲ್ಲಿ ಅರ್ಧದಷ್ಟನ್ನು ಹತ್ತಿರ ಬಾರದಂತೆ ತಡೆಯಬಲ್ಲದೆಂದು 2018ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ಅಳೆದು ತೋರಿಸಿದರು. ಫ್ರಾನ್ಸಿನ ಕಮಾರ್ಗ್ ಜೌಗು ಪ್ರದೇಶದ ಕುದುರೆಗಳನ್ನು ಗಮನಿಸಿ 1979ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಸಂಗತಿ ಹೇಳಿತು: ದೊಡ್ಡ ಗುಂಪಿನಲ್ಲಿ ನಿಂತ ಕುದುರೆಗೆ ತಲಾ ಬೀಳುವ ಕಡಿತ ಕಡಿಮೆ. ಇಂಥ ಬಾಲವನ್ನು ಅಂದಕ್ಕಾಗಿ, ಗಾಡಿಯ ಲಗಾಮಿಗೆ ಸಿಕ್ಕಿಕೊಳ್ಳದಿರಲೆಂದು ಮೊಟಕು ಮಾಡುವ ಕ್ರೂರ ರೂಢಿ ಯುರೋಪಿನಲ್ಲಿ ಬಹುಕಾಲ ನಡೆಯಿತು. ಬ್ರಿಟನ್ ಅದನ್ನು ಕಾನೂನಿನಿಂದ ನಿಲ್ಲಿಸಿದ್ದು 1949ರಲ್ಲಿ.

ಮನುಷ್ಯ ಸೇರಿಸಿದ ಹಳೆಯ ಉಪಾಯಗಳು ಹೆಚ್ಚೇನಿಲ್ಲ: ಹಣೆಪಟ್ಟಿಗೆ ಇಳಿಬಿಟ್ಟ ಗೊಂಡೆ, ಬೆನ್ನ ಮೇಲೆ ಹೊದಿಸುವ ದಾರದ ಬಲೆ, ಸಂಜೆಯ ಹೊಗೆ. ನಮ್ಮಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಬೆಳೆದ ಅಶ್ವಶಾಸ್ತ್ರದ ದೊಡ್ಡ ಪರಂಪರೆಯೇ ಇದೆ. ಕನ್ನಡದಲ್ಲೂ ಅಭಿನವಚಂದ್ರ ಅಶ್ವವೈದ್ಯವನ್ನು ಬರೆದ. ಆದರೆ ರೋಗಕ್ಕೂ ನೊಣಕ್ಕೂ ಇರುವ ನಂಟನ್ನು ಕಣ್ಣಾರೆ ಕಾಣಲು ಸೂಕ್ಷ್ಮದರ್ಶಕ ಬರಬೇಕಾಯಿತು. ಆ ನಂಟು ಬಯಲಾದದ್ದು ಅವಿಭಜಿತ ಭಾರತದ ನೆಲದಲ್ಲೇ.

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ವೇಲ್ಸ್ ಮೂಲದ ಸೇನಾ ಪಶುವೈದ್ಯ, ಇಂದು ಪಾಕಿಸ್ತಾನದಲ್ಲಿರುವ ಡೇರಾ ಇಸ್ಮಾಯಿಲ್ ಖಾನ್‌ಗೆ ಹೋದರು. ಅಲ್ಲಿ ಸೇನೆಯ ಕುದುರೆಗಳೂ ಒಂಟೆಗಳೂ ಸರ್ರಾ ಎಂಬ ರೋಗದಿಂದ ಸಾಯುತ್ತಿದ್ದವು. ಬಿಟ್ಟು ಬಿಟ್ಟು ಬರುವ ಜ್ವರ, ರಕ್ತಹೀನತೆ, ಹೊಟ್ಟೆಯ ಕೆಳಗೂ ಕಾಲುಗಳಲ್ಲೂ ಬಾವು, ಚೆನ್ನಾಗಿ ತಿನ್ನುತ್ತಿದ್ದರೂ ಎಲುಬು ಕಾಣುವಷ್ಟು ಸೊರಗು. ಇವಾನ್ಸ್ ರೋಗದ ಕುದುರೆಯ ರಕ್ತವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕೆಂಪು ಕಣಗಳ ನಡುವೆ ಬಳುಕಾಡುವ ಜೀವಿಗಳು ಕಂಡವು. ಆ ರಕ್ತವನ್ನು ಆರೋಗ್ಯವಂತ ಪ್ರಾಣಿಗಳಿಗೆ ಚುಚ್ಚಿದಾಗ ಅವಕ್ಕೂ ರೋಗ ಬಂತು. ಟ್ರಿಪನೊಸೋಮ ಜಾತಿಯ ಜೀವಿಯೊಂದು ರೋಗ ತರುತ್ತದೆಂದು ತಿಳಿದದ್ದು ಅದೇ ಮೊದಲು. ಅದು ಈಗಲೂ ಇವಾನ್ಸರ ಹೆಸರನ್ನೇ ಹೊತ್ತಿದೆ. ರಕ್ತದಲ್ಲಿ ಕಂಡದ್ದೇ ರೋಗದ ಕಾರಣವೆಂದು ಅಂದಿನ ಹಿರಿಯರು ಒಪ್ಪಲಿಲ್ಲ. ನೂರು ವರ್ಷ ಬದುಕಿದ ಇವಾನ್ಸ್ ತಮ್ಮ ಮಾತು ನಿಜವಾದದ್ದನ್ನು ನೋಡಿಯೇ ಹೋದರು ಎನ್ನುವುದು ಸಂತೋಷದ ವಿಷಯ.

ಆ ಜೀವಿ ಒಂದು ಕುದುರೆಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಇದಕ್ಕೆ ಉತ್ತರ ಸಿಕ್ಕಿದ್ದು ಹಿಮಾಲಯದ ಮುಕ್ತೇಶ್ವರದಲ್ಲಿ. 1889ರಲ್ಲಿ ಪುಣೆಯಲ್ಲಿ ಆರಂಭವಾಗಿ ಆಮೇಲೆ ಅಲ್ಲಿಗೆ ಹೋದ ಪ್ರಯೋಗಾಲಯವೇ ಇಂದಿನ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಮೂಲ. ಅಲ್ಲಿ ಲಿಯೊನಾರ್ಡ್ ರಾಜರ್ಸ್ ನಡೆಸಿ 1901ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ರೋಗದ ಪ್ರಾಣಿಯನ್ನು ಕಚ್ಚಿದ ಕುದುರೆನೊಣವನ್ನು ಕೂಡಲೇ ಆರೋಗ್ಯವಂತ ಪ್ರಾಣಿಯ ಮೇಲೆ ಬಿಟ್ಟರೆ ರೋಗ ಹರಡಿತು. ಒಂದು ದಿನವೋ ಹೆಚ್ಚೋ ಉಪವಾಸ ಇಟ್ಟು ಬಿಟ್ಟರೆ ಹರಡಲಿಲ್ಲ. ಅಂದರೆ ಮಲೇರಿಯಾದ ಸೊಳ್ಳೆಯಲ್ಲಿ ಆಗುವಂತೆ ರೋಗಾಣು ಈ ನೊಣದ ಹೊಟ್ಟೆಯಲ್ಲಿ ಬೆಳೆಯುವುದಿಲ್ಲ. ಬಾಯಿಗೆ ಮೆತ್ತಿದ ಹಸಿ ರಕ್ತದಲ್ಲೇ ಸಾಗುತ್ತದೆ.

ಇದರಿಂದ ಒಂದು ದೊಡ್ಡ ಮಾತು ಹೊರಟಿತು. ಕುದುರೆನೊಣದ ಕಡಿತ ನೋವಿನದು. ಕುದುರೆ ಕೊಡವುತ್ತದೆ, ನೊಣ ಅರೆಹೊಟ್ಟೆಯಲ್ಲಿ ಏಳುತ್ತದೆ, ಮತ್ತೆ ಅದೇ ಕುದುರೆಗೋ ಪಕ್ಕದಲ್ಲಿ ನಿಂತ ಕುದುರೆಗೋ ಹೋಗುತ್ತದೆ. ಇನ್ನೊಂದು ಕುದುರೆ ದೂರದಲ್ಲಿದ್ದರೆ ಬಿಟ್ಟ ಕುದುರೆಗೇ ತಿರುಗಿ ಬರುತ್ತದೆ. ಇದೇ ನೊಣಗಳು ಹರಡುವ ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯ ವಿಷಯದಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಈ ನಡತೆಯನ್ನು ಕೂಲಂಕಷವಾಗಿ ನೋಡಿದರು. ಸೋಂಕಿತ ಕುದುರೆಯನ್ನು ಉಳಿದವುಗಳಿಂದ ಸುಮಾರು 180 ಮೀಟರ್ ದೂರ ಇಡಬೇಕೆಂಬ ಇಂದಿನ ನಿಯಮದ ಬೆನ್ನಿಗೆ ಇರುವುದು ಈ ತಿಳಿವಳಿಕೆ. ಔಷಧವಿಲ್ಲ, ಯಂತ್ರವಿಲ್ಲ, ಬರಿಯ ಅಂತರ. ಇಷ್ಟು ಸರಳವಾದದ್ದು ಈ ಇಡೀ ಚರಿತ್ರೆಯಲ್ಲಿ ಬೇರೊಂದಿಲ್ಲ.

ನುಸಿಯ ಕಥೆ ಆಫ್ರಿಕಾದ್ದು. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದಲ್ಲಿ 1854-55ರಲ್ಲಿ ಆಫ್ರಿಕನ್ ಕುದುರೆ ಜ್ವರಕ್ಕೆ ಸುಮಾರು 70,000 ಕುದುರೆಗಳು ಬಲಿಯಾದವು. ಅಲ್ಲಿನ ರೈತರಿಗೆ ವೈರಸ್ ಗೊತ್ತಿರಲಿಲ್ಲ, ನುಸಿಯೂ ಗೊತ್ತಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಕುದುರೆಯನ್ನು ಒಳಗೆ ಕಟ್ಟಿ, ಬಿಸಿಲು ಏರಿದ ಮೇಲೆ ಹೊರಗೆ ಬಿಟ್ಟರೆ ಅದು ಬದುಕುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಟಾಲ್‌ನ ಪಶುವೈದ್ಯ ವಾಟ್ಕಿನ್ಸ್-ಪಿಚ್‌ಫರ್ಡ್ ಜಾಲರಿ ಹಾಕಿದ ಲಾಯದಲ್ಲಿ ಕುದುರೆಗಳನ್ನು ಉಳಿಸಿಕೊಂಡು, ಹಾರುವ ಹುಳುವೇ ಇದರ ಮೂಲವೆಂಬ ಅನುಮಾನವನ್ನು ಗಟ್ಟಿ ಮಾಡಿದರು. ಯಾವ ಹುಳು ಎಂಬುದನ್ನು ಓಂಡರ್‌ಸ್ಟೆಪೋರ್ಟ್ ಸಂಸ್ಥೆಯ ಡು ಟಾಯ್ಟ್ 1944ರಲ್ಲಿ ಖಚಿತಪಡಿಸಿದರು. ಕಾರಣ ತಿಳಿಯುವ ಎಷ್ಟೋ ಮೊದಲೇ ರೈತರು ಹಿಡಿದ ದಾರಿ ಸರಿಯಾಗಿತ್ತು. ಅನುಭವದ ಮಾತನ್ನು ಹಗುರವಾಗಿ ಕಾಣಬಾರದೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಜ್ವರ ಆಫ್ರಿಕಾದಲ್ಲೇ ಉಳಿಯಲಿಲ್ಲ. 1959ರಿಂದ 61ರವರೆಗೆ ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಭಾರತಕ್ಕೂ ಬಂತು. ಆ ಪ್ರದೇಶದಲ್ಲೆಲ್ಲ ಸೇರಿ ಸತ್ತ ಕುದುರೆ, ಕತ್ತೆ, ಹೇಸರಗತ್ತೆಗಳು ಮೂರು ಲಕ್ಷಕ್ಕೂ ಹೆಚ್ಚು. 2020ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡು 500ಕ್ಕೂ ಹೆಚ್ಚು ಕುದುರೆಗಳನ್ನು ಕೊಂದಿತು. ಲಸಿಕೆಯ ಜೊತೆಗೆ ಅಲ್ಲಿ ಮಾಡಿದ್ದು ನೂರಿಪ್ಪತ್ತು ವರ್ಷ ಹಳೆಯ ಕೆಲಸವನ್ನೇ: ಲಾಯಗಳಿಗೆ ಸುತ್ತಲೂ ಜಾಲರಿ ಕಟ್ಟಿದರು. ಇಲ್ಲಿ ಒಂದು ಎಚ್ಚರಿಕೆ ಬೇಕು. ನಾವು ಮಲಗುವಾಗ ಕಟ್ಟಿಕೊಳ್ಳುವ ಸೊಳ್ಳೆಪರದೆಯ ಕಣ್ಣುಗಳಲ್ಲಿ ಈ ನುಸಿ ತೂರಿಬರುತ್ತದೆ. ಇನ್ನೂ ಸಣ್ಣ ಕಣ್ಣಿನ ಬಲೆ, ಇಲ್ಲವೇ ಕೀಟನಾಶಕ ಹಚ್ಚಿದ ಬಲೆ ಆಗಬೇಕು. ನುಸಿ ಗಾಳಿಗೆ ಎದುರು ಹಾರಲಾರದ್ದರಿಂದ ಲಾಯದಲ್ಲಿ ಒಂದು ದೊಡ್ಡ ಫ್ಯಾನ್ ತಿರುಗುತ್ತಿದ್ದರೂ ಬಹಳ ಉಪಕಾರ.

ನುಸಿಯ ಎಂಜಲೇ ಕೆಲವು ಕುದುರೆಗಳಿಗೆ ಒಗ್ಗುವುದಿಲ್ಲ. ಜೂಲಿನ ಬುಡ, ಬಾಲದ ಬುಡ ಕೆರೆದು ಕೆರೆದು ರಕ್ತ ಬರುವವರೆಗೆ ಉಜ್ಜಿಕೊಳ್ಳುತ್ತವೆ. ಇದು ಕ್ಯುಲಿಕಾಯ್ಡಿಸ್ ಕಡಿತದ ಅಲರ್ಜಿಯೆಂದು ಆಸ್ಟ್ರೇಲಿಯಾದಲ್ಲಿ 1950ರ ದಶಕದಲ್ಲಿ ರೀಕ್ ತೋರಿಸಿದರು. ಐಸ್‌ಲ್ಯಾಂಡಿನ ಕುದುರೆಗಳು ಇದಕ್ಕೆ ಅತಿ ಸ್ಪಷ್ಟ ನಿದರ್ಶನ. ಈ ನುಸಿ ಇಲ್ಲದ ದ್ವೀಪದಲ್ಲಿ ಸಾವಿರ ವರ್ಷ ಬೆಳೆದ ತಳಿ ಅದು. ದೊಡ್ಡದಾದ ಮೇಲೆ ಯುರೋಪಿನ ಮುಖ್ಯ ಭೂಮಿಗೆ ಸಾಗಿಸಿದವುಗಳಲ್ಲಿ, ನುಸಿ ಹೆಚ್ಚಿರುವ ಕಡೆ ಅರ್ಧದಷ್ಟಕ್ಕೆ ಈ ತುರಿ ಹಿಡಿಯುತ್ತದೆ. ಅದೇ ತಳಿ ಮುಖ್ಯ ಭೂಮಿಯಲ್ಲೇ ಹುಟ್ಟಿದ್ದರೆ ಬಹಳ ಕಡಿಮೆ. ಸ್ವಿಟ್ಜರ್ಲೆಂಡ್ ಮತ್ತು ಐಸ್‌ಲ್ಯಾಂಡಿನ ಸಂಶೋಧಕರು ಲಸಿಕೆಯ ಹಾದಿಯಲ್ಲಿದ್ದಾರೆ. ಸದ್ಯಕ್ಕೆ ನಂಬಬಹುದಾದ ಪರಿಹಾರವೆಂದರೆ ಕತ್ತಿನಿಂದ ಬಾಲದವರೆಗೆ ಮುಚ್ಚುವ ತೆಳು ಹೊದಿಕೆ.

ಇನ್ನು ಲಾಯದ ನೊಣ ಮತ್ತು ಮನೆನೊಣ. ಇವು ಹುಟ್ಟುವುದು ನಮ್ಮ ಕಾಲಬುಡದಲ್ಲೇ. ಮೋಟಾರು ಬರುವ ಮುಂಚೆ ಅಮೆರಿಕದ ನಗರಗಳಲ್ಲಿ ಕುದುರೆ ಲದ್ದಿ ಗುಡ್ಡೆಗುಡ್ಡೆಯಾಗಿ ಬೀಳುತ್ತಿತ್ತು. ನಗರದ ಮನೆನೊಣಗಳಲ್ಲಿ ಬಹುಪಾಲು ಈ ಲದ್ದಿಯಲ್ಲೇ ಹುಟ್ಟುತ್ತವೆಂದು ಕೀಟತಜ್ಞ ಎಲ್. ಓ. ಹೊವರ್ಡ್ 1911ರ ತಮ್ಮ ಪುಸ್ತಕದಲ್ಲಿ ಪಟ್ಟುಹಿಡಿದು ವಾದಿಸಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕೃಷಿ ಇಲಾಖೆ ಲದ್ದಿಗೆ ಬೋರಾಕ್ಸ್ ಚೆಲ್ಲಿ ಮರಿಹುಳುಗಳನ್ನು ಕೊಲ್ಲುವ ಪ್ರಯೋಗ ಮಾಡಿತು. ಮರಿಹುಳು ಕೋಶ ಕಟ್ಟುವ ಮುಂಚೆ ಒದ್ದೆ ಲದ್ದಿ ಬಿಟ್ಟು ಒಣ ಜಾಗಕ್ಕೆ ತೆವಳುತ್ತದೆ ಎಂಬುದನ್ನು ಹಿಡಿದು, ಲದ್ದಿಯನ್ನು ಹಲಗೆಯ ಅಟ್ಟಣೆಯ ಮೇಲೆ ಒಟ್ಟಿ, ಕೆಳಗೆ ನೀರಿನ ತೊಟ್ಟಿ ಇಟ್ಟು ಅವನ್ನು ಮುಳುಗಿಸುವ ಬೋನನ್ನೂ ಮಾಡಿದರು. ಲಾಯದ ನೊಣಕ್ಕೆ ಬರೀ ಲದ್ದಿಗಿಂತ ಮೂತ್ರದಲ್ಲಿ ನೆನೆದು ಕೊಳೆತ ಹುಲ್ಲು ಹೆಚ್ಚು ಇಷ್ಟ. ಮೇವು ಚೆಲ್ಲಿ ಕೊಳೆಯುವ ಮೂಲೆಯೇ ಅದರ ತೊಟ್ಟಿಲು.

ಈ ಒಳ್ಳೆಯ ಕೆಲಸವನ್ನು ಡಿಡಿಟಿ ಮರೆಸಿಬಿಟ್ಟಿತು. 1939ರಲ್ಲಿ ಪಾಲ್ ಮುಲ್ಲರ್ ಅದರ ಕೀಟನಾಶಕ ಗುಣವನ್ನು ಕಂಡುಹಿಡಿದರು. ಎರಡನೆಯ ಮಹಾಯುದ್ಧದ ನಂತರ ಲಾಯ, ಕೊಟ್ಟಿಗೆಗಳಿಗೆಲ್ಲ ಸಿಂಪಡಿಸಿದರು. 1940ರ ದಶಕ ಮುಗಿಯುವುದರೊಳಗೆ ಸ್ವೀಡನ್, ಡೆನ್ಮಾರ್ಕ್‌ಗಳ ಮನೆನೊಣಗಳು ಅದಕ್ಕೆ ಜಗ್ಗದಾದವು. 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕಲ್ ಎಲಿಯಟ್ ತಂಡ ರೂಪಿಸಿದ ಪರ್ಮೆಥ್ರಿನ್, ಬಿಸಿಲಿಗೆ ಕೆಡದ ಔಷಧ. ಇಂದು ಮಾರುವ ಕುದುರೆ ಸ್ಪ್ರೇಗಳಲ್ಲಿ ಇದೂ ಇದರ ಸಂಬಂಧಿಗಳೂ ಸಾಮಾನ್ಯ. ಆದರೆ ಕುದುರೆ ಧಾರಾಳವಾಗಿ ಬೆವರುವ ಪ್ರಾಣಿ, ಔಷಧ ಬೆವರಿನ ಜೊತೆ ಇಳಿದುಹೋಗುತ್ತದೆ. ಲಾಯದ ನೊಣ ಕೂರುವ ಕಾಲುಗಳೋ ಹುಲ್ಲಿನ ಪಸೆಗೆ ಸದಾ ಒದ್ದೆ. ಸ್ಪ್ರೇ ಒಂದು ಸವಾರಿಗೆ ಸರಿ, ಅದನ್ನೇ ನೆಚ್ಚಿ ಲಾಯ ನಡೆಸಲಾಗದು. ಬೆಕ್ಕು ಇರುವ ಮನೆಯಲ್ಲಿ ಪರ್ಮೆಥ್ರಿನ್ ಇನ್ನಷ್ಟು ಎಚ್ಚರದಿಂದ ಬಳಸಬೇಕು, ಬೆಕ್ಕಿಗೆ ಅದು ವಿಷ.

ಇತ್ತೀಚಿನ ಸಂಶೋಧನೆ ನೊಣದ ಕಣ್ಣಿನತ್ತ ತಿರುಗಿದೆ. ಬಿಸಿಲಲ್ಲಿ ಕಾದ ಕಪ್ಪು ಗುಂಡನ್ನು ಕುದುರೆನೊಣ ಪ್ರಾಣಿಯೆಂದೇ ತಿಳಿಯುತ್ತದೆ. ಕೆನಡಾದ ಮ್ಯಾನಿಟೋಬಾ ಬೋನು ಈ ಗುಣವನ್ನೇ ಬಳಸುತ್ತದೆ: ಕಪ್ಪು ಗುಂಡಿನ ಮೇಲೊಂದು ಪಾರದರ್ಶಕ ಗೋಪುರ, ಮೇಲಕ್ಕೆ ಹಾರಿದ ನೊಣ ಅದರಲ್ಲಿ ಸಿಕ್ಕಿಬೀಳುತ್ತದೆ. ಬುಡಾಪೆಸ್ಟಿನ ಗಾಬೋರ್ ಹೋರ್ವಾತ್ ತಂಡ 2010ರಲ್ಲಿ ಇನ್ನೂ ಮುಂದೆ ಹೋಯಿತು. ಕಪ್ಪು, ಕಂದು ಮೈಯಿಂದ ಪ್ರತಿಫಲಿಸುವ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ನೊಣವನ್ನು ಸೆಳೆಯುವುದು ಅದು. ಬಿಳಿ ಕುದುರೆಯ ಮೇಲೆ ಆ ಸೆಳೆತ ಇಲ್ಲ, ಹಾಗಾಗಿ ಅದಕ್ಕೆ ಕಡಿತ ಬಹಳ ಕಡಿಮೆ. 2019ರಲ್ಲಿ ಟಿಮ್ ಕ್ಯಾರೊ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಕುದುರೆಗಳಿಗೆ ಜೀಬ್ರಾ ಪಟ್ಟೆಯ ಹೊದಿಕೆ ತೊಡಿಸಿ ವಿಡಿಯೊ ತೆಗೆದರು. ನೊಣಗಳು ಬಂದು ಸುತ್ತುತ್ತಿದ್ದವು. ಆದರೆ ಪಟ್ಟೆಯ ಹತ್ತಿರ ಬಂದಾಗ ವೇಗ ತಗ್ಗಿಸಿ ಇಳಿಯಲಾಗದೆ ಬಡಿದು ಅಥವಾ ದಾಟಿ ಹೋಗುತ್ತಿದ್ದವು. ಅದೇ ಕುದುರೆಯ ಹೊದಿಕೆಯಿಲ್ಲದ ತಲೆಯ ಮೇಲೆ ಮಾತ್ರ ಎಂದಿನಂತೆ ಕೂರುತ್ತಿದ್ದವು. ಅಂಗಡಿಗಳಲ್ಲಿ ಈಗ ಸಿಗುವ ಪಟ್ಟೆ ಹೊದಿಕೆ ಶೋಕಿಯ ವಸ್ತುವಲ್ಲ, ಕುದುರೆನೊಣ ಇರುವ ಕಡೆ ಕೊಳ್ಳಲು ಯೋಗ್ಯ. ನುಸಿಗೂ ಲಾಯದ ನೊಣಕ್ಕೂ ಅದೇ ಫಲ ಕೊಡುತ್ತದೆಂದು ನಂಬಿ ಕೊಳ್ಳಬಾರದು.

ಹಾಗಾಗಿ ಕುದುರೆ ಸಾಕುವವರು ಮೊದಲು ಕೇಳಿಕೊಳ್ಳಬೇಕಾದ್ದು, ಕಚ್ಚುತ್ತಿರುವುದು ಯಾವುದು ಎಂದು. ನೆರಳಿನ ಲಾಯದೊಳಕ್ಕೆ ಕುದುರೆನೊಣ ಬರುವುದು ಅಪರೂಪ, ಅದಕ್ಕೆ ಹಗಲು ಒಳಗೆ ಕಟ್ಟಬೇಕು. ನುಸಿಯಾದರೆ ಸಂಜೆಯಿಂದ ಬೆಳಗಿನವರೆಗೆ ಒಳಗಿರಬೇಕು. ಕಾಲಿಗೆ ಕಚ್ಚುವ ಲಾಯದ ನೊಣವಾದರೆ ಕಟ್ಟುವುದರಿಂದ ಏನೂ ಆಗದು, ಲಾಯವನ್ನೇ ಚೊಕ್ಕಟ ಮಾಡಬೇಕು.

ಕರ್ನಾಟಕದಲ್ಲಿ ಕುದುರೆಗಳಿರುವುದು ರೇಸ್‌ಕೋರ್ಸುಗಳಲ್ಲಿ, ಮೈಸೂರಿನ ಅಶ್ವಾರೋಹಿ ದಳದಲ್ಲಿ, ಇನ್ನೂ ಉಳಿದಿರುವ ಟಾಂಗಾಗಳಲ್ಲಿ. ಮೊದಲಿನವಕ್ಕೆ ವೈದ್ಯರೂ ಹೊದಿಕೆಯೂ ಇವೆ. ಟಾಂಗಾ ಕುದುರೆಗೆ ಇರುವುದು ಅದರ ಒಡೆಯನ ಎರಡು ಕೈ ಮಾತ್ರ. ಆ ಒಡೆಯರಿಗೆ ನನ್ನ ಕೋರಿಕೆ ಇಷ್ಟು. ಬೇಸಿಗೆಯಲ್ಲಿ ಮನೆನೊಣದ ಮೊಟ್ಟೆ ನೊಣವಾಗಲು ವಾರ ಹತ್ತು ದಿನ ಸಾಕು, ಆದ್ದರಿಂದ ಲದ್ದಿ, ನೆನೆದ ಹುಲ್ಲನ್ನು ವಾರಕ್ಕೆ ಎರಡು ಸಲವಾದರೂ ಲಾಯದಿಂದ ದೂರ ಸಾಗಿಸಿ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುವುದಾದರೆ ಹೊರಗೆ, ಗಾಳಿ ಬರುವ ಕಡೆ ಹಾಕಿ. ಮುಚ್ಚಿದ ಲಾಯದಲ್ಲಿ ಹೊಗೆ ತುಂಬಿದರೆ ಕುದುರೆಯ ಶ್ವಾಸಕೋಶ ಕೆಡುತ್ತದೆ. ದನ ಎಮ್ಮೆಗಳು ಸರ್ರಾ ರೋಗಾಣುವನ್ನು ಹೊರಗೆ ಏನೂ ತೋರದೆ ಹೊತ್ತಿರಬಹುದು, ಕುದುರೆಯನ್ನು ಅವುಗಳ ಪಕ್ಕದಲ್ಲಿ ಕಟ್ಟಬೇಡಿ. ಮಳೆಗಾಲದ ಹೊತ್ತಿಗೆ ಕುದುರೆ ಬಿಟ್ಟು ಬಿಟ್ಟು ಜ್ವರ ಬಂದು ಸೊರಗಿದರೆ ತಡಮಾಡದೆ ಪಶು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಸರ್ರಾ ಪತ್ತೆಯ ಕೆಲಸ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಬೆಂಗಳೂರಿನ ಯಲಹಂಕದಲ್ಲೇ ಇದೆ, ಬೇಗ ಹಿಡಿದರೆ ವಾಸಿ ಮಾಡುವ ಔಷಧವೂ ಇದೆ.