ಚಿಕ್ಕ ಜನರೇಟರುಗಳ ಸುರಕ್ಷಿತ ಬಳಕೆ: ಸಾರ್ವಜನಿಕರಿಗೆ ಮಾಹಿತಿ

ವಿದ್ಯುತ್ ಸರಬರಾಜು ಸ್ಥಗಿತಗೊಂಡಾಗ ಮನೆ, ಅಂಗಡಿ, ಕಲ್ಯಾಣ ಮಂಟಪ ಹಾಗೂ ಜಾತ್ರೆಗಳಲ್ಲಿ ಪೆಟ್ರೋಲ್ ಅಥವಾ ಡೀಸೆಲ್ ಚಾಲಿತ ಚಿಕ್ಕ ಜನರೇಟರುಗಳನ್ನು ಬಳಸಲಾಗುತ್ತದೆ. ಯಂತ್ರವು ಸುಸ್ಥಿತಿಯಲ್ಲಿದ್ದರೂ, ಅದನ್ನು ಇರಿಸಿದ ಸ್ಥಳ ಅಥವಾ ಸಂಪರ್ಕ ಕಲ್ಪಿಸಿದ ವಿಧಾನ ಸರಿಯಿಲ್ಲದಿದ್ದಲ್ಲಿ ಬಳಕೆದಾರರಿಗೂ ಇತರರಿಗೂ ಪ್ರಾಣಾಪಾಯವಿರುತ್ತದೆ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಪಾಲಿಸತಕ್ಕದ್ದು.

1. ಹೊಗೆ ಮತ್ತು ಗಾಳಿ ಸಂಚಾರ

ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಇದಕ್ಕೆ ಬಣ್ಣವಾಗಲಿ, ವಾಸನೆಯಾಗಲಿ ಇರುವುದಿಲ್ಲ. ಇದು ರಕ್ತವು ಆಮ್ಲಜನಕವನ್ನು ಸಾಗಿಸದಂತೆ ತಡೆಯುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ನಿದ್ರೆಯಲ್ಲಿರುವವರು ಎಚ್ಚರಗೊಳ್ಳದೆಯೇ ಮೃತಪಡುವ ಸಂಭವವಿರುತ್ತದೆ.

ಕೊಠಡಿ, ಮೆಟ್ಟಿಲ ಕೆಳಭಾಗ, ನೆಲಮಾಳಿಗೆ ಹಾಗೂ ಅರ್ಧ ಎಳೆದ ಷಟರಿನ ಒಳಗೆ ಜನರೇಟರನ್ನು ಚಾಲನೆಗೊಳಿಸಬಾರದು. ಕಿಟಕಿ ತೆರೆದರೆ ಅಥವಾ ಫ್ಯಾನ್ ಹಾಕಿದರೆ ಸಾಕೆಂಬ ಭಾವನೆ ತಪ್ಪು. ಕಟ್ಟಡದಿಂದ ಕನಿಷ್ಠ 20 ಅಡಿ ದೂರದ ಬಯಲಿನಲ್ಲಿರಿಸಿ, ಹೊಗೆ ಕೊಳವೆಯು ಸ್ವಂತ ಮನೆಯ ಹಾಗೂ ನೆರೆಮನೆಯ ಬಾಗಿಲು, ಕಿಟಕಿಗಳಿಗೆ ಅಭಿಮುಖವಾಗದಂತೆ ನೋಡಿಕೊಳ್ಳುವುದು.

2. ಮಳೆಗಾಲದಲ್ಲಿ

ಮಲೆನಾಡು ಮತ್ತು ಕರಾವಳಿಯಲ್ಲಿ ಮರಗಳು ತಂತಿಗಳ ಮೇಲೆ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದುಂಟು. ಆಗ ಯಂತ್ರ ನೆನೆಯದಿರಲೆಂದು ಅದನ್ನು ಮನೆಯೊಳಗೆ ತರುವುದು ಅತ್ಯಂತ ಅಪಾಯಕಾರಿ. ಎತ್ತರವಾದ ಒಣ ಜಾಗದಲ್ಲಿ, ಸುತ್ತಲೂ ತೆರೆದಿರುವ ತಗಡಿನ ಸೂರಿನ ಕೆಳಗೆ ಇರಿಸುವುದು. ಚಾಲನೆಯಲ್ಲಿರುವಾಗ ಟಾರ್ಪಾಲಿನ್ ಹೊದಿಸಬಾರದು. ಒದ್ದೆ ಕೈಯಿಂದ ಮುಟ್ಟಬಾರದು. ವಯರಿನ ಜೋಡಣೆಗಳು ನೀರಿನಲ್ಲಿ ಬೀಳದಂತೆ ಎಚ್ಚರ ವಹಿಸುವುದು.

3. ಮನೆಯ ವೈರಿಂಗಿಗೆ ಸಂಪರ್ಕ

ಎರಡೂ ತುದಿಗೆ ಪ್ಲಗ್ ಇರುವ ವಯರನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ ಇಡೀ ಮನೆಗೆ ವಿದ್ಯುತ್ ಪಡೆಯುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಡತಕ್ಕದ್ದು. ಹೀಗೆ ಮಾಡಿದಲ್ಲಿ ವಿದ್ಯುತ್ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಮೂಲಕ ಅದು 11,000 ವೋಲ್ಟಿನವರೆಗೂ ಏರಬಹುದು. ಸರಬರಾಜು ನಿಂತಿದೆಯೆಂದು ಕಂಬವೇರಿ ದುರಸ್ತಿಯಲ್ಲಿ ತೊಡಗಿರುವ ಲೈನ್‌ಮನ್ ಇದರಿಂದ ಪ್ರಾಣ ಕಳೆದುಕೊಳ್ಳಬಹುದು. ಉಪಕರಣಗಳನ್ನು ನೇರವಾಗಿ ಜನರೇಟರಿಗೆ ಸಂಪರ್ಕಿಸುವುದು. ಇಲ್ಲವೇ ಅನುಜ್ಞಾಪತ್ರ ಹೊಂದಿದ ವಿದ್ಯುತ್ ಗುತ್ತಿಗೆದಾರರಿಂದ ಚೇಂಜ್‌ಓವರ್ ಸ್ವಿಚ್ ಮತ್ತು ಸೂಕ್ತ ಅರ್ಥಿಂಗ್ ಮಾಡಿಸಿಕೊಳ್ಳುವುದು.

4. ವಿದ್ಯುತ್ ಹೊರೆ

1 ಕೆ.ವಿ.ಎ. ಜನರೇಟರಿನಿಂದ 0.8 ಪವರ್ ಫ್ಯಾಕ್ಟರಿನಲ್ಲಿ 800 ವ್ಯಾಟ್ ದೊರೆಯುತ್ತದೆ. ಉದಾಹರಣೆಗೆ, 9 ವ್ಯಾಟಿನ 4 ಬಲ್ಬು ಮತ್ತು 75 ವ್ಯಾಟಿನ 2 ಫ್ಯಾನುಗಳಿಗೆ ಒಟ್ಟು 186 ವ್ಯಾಟ್ ಸಾಕು. ಆದರೆ 1 ಅಶ್ವಶಕ್ತಿಯ ಪಂಪು ಪ್ರಾರಂಭದಲ್ಲಿ ತನ್ನ 746 ವ್ಯಾಟಿನ ಹಲವು ಪಟ್ಟು ವಿದ್ಯುತ್ ಸೆಳೆಯುವುದರಿಂದ ಅದನ್ನು ಈ ಜನರೇಟರಿಗೆ ಸಂಪರ್ಕಿಸಬಾರದು. ಎತ್ತರದ ಪ್ರದೇಶಗಳಲ್ಲಿ ಗಾಳಿ ವಿರಳವಾಗಿರುವುದರಿಂದ ಸಾಮಾನ್ಯ ಎಂಜಿನ್ನಿನ ಸಾಮರ್ಥ್ಯವು ಪ್ರತಿ 300 ಮೀಟರಿಗೆ ಸುಮಾರು ಶೇ. 3ರಷ್ಟು ಕುಗ್ಗುತ್ತದೆ.

5. ಇಂಧನ ಮತ್ತು ಬೇಸಿಗೆ

ಚಾಲನೆಯಲ್ಲಿರುವ ಅಥವಾ ಬಿಸಿಯಾಗಿರುವ ಎಂಜಿನ್ನಿಗೆ ಪೆಟ್ರೋಲ್ ಹಾಕಬಾರದು. ಯಂತ್ರವನ್ನು ನಿಲ್ಲಿಸಿ, ಪೂರ್ಣವಾಗಿ ತಣಿದ ನಂತರ ಹಗಲು ಬೆಳಕಿನಲ್ಲಿ ಅಥವಾ ಟಾರ್ಚಿನ ಬೆಳಕಿನಲ್ಲಿ ತುಂಬುವುದು. ದೀಪ, ಬೀಡಿ, ಬೆಂಕಿಕಡ್ಡಿ ಹತ್ತಿರವಿರಬಾರದು. ಶಾಮಿಯಾನ, ಒಣಹುಲ್ಲು, ತೆಂಗಿನ ಗರಿಗಳಿಂದ ಯಂತ್ರವನ್ನು ದೂರವಿರಿಸಿ, ಮಕ್ಕಳು ಸಮೀಪಿಸದಂತೆ ಹಗ್ಗ ಕಟ್ಟುವುದು.

6. ಅವಘಡ ಸಂಭವಿಸಿದಲ್ಲಿ

ತಲೆಸುತ್ತು ಕಂಡುಬಂದಲ್ಲಿ ಎಲ್ಲರೂ ಕೂಡಲೇ ಬಯಲಿಗೆ ಬಂದು, 108ಕ್ಕೆ ಕರೆ ಮಾಡುವುದು. ವಿದ್ಯುದಾಘಾತವಾದಲ್ಲಿ ಮೊದಲು ಜನರೇಟರನ್ನು ನಿಲ್ಲಿಸಿ, ಅನಂತರವೇ ವ್ಯಕ್ತಿಯನ್ನು ಮುಟ್ಟುವುದು. ಬೆಂಕಿ ಅನಾಹುತಕ್ಕೆ 112 ಹಾಗೂ ತುಂಡಾದ ವಿದ್ಯುತ್ ತಂತಿಗಳ ಬಗ್ಗೆ 1912 ಸಂಖ್ಯೆಗೆ ತಿಳಿಸುವುದು.