ಪದವಿಯ ಪಕ್ಕದ ಓದು: ನಿಡುಗಲ್ಲಿನ ಶಾಸನ ಮತ್ತು ಪ್ರಾಕೃತದ ಸರ್ಟಿಫಿಕೇಟ್

ವಳ್ಳೂರನ್ನು ಒಳಗೊಂಡ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ ತುಮಕೂರು ಜಿಲ್ಲೆಯ ಉತ್ತರಭಾಗದ ಬೆಟ್ಟಗುಡ್ಡಗಳ ನಾಡು. ಈ ಸೀಮೆಯ ಪಾವಗಡ ತಾಲೂಕಿನಲ್ಲಿರುವ ನಿಡುಗಲ್ಲು, ಚೋಳ ವಂಶದವರೆಂದು ಹೇಳಿಕೊಂಡ ಅರಸುಮನೆತನವೊಂದರ ಗಿರಿದುರ್ಗ. ಕ್ರಿ.ಶ. 1232ರಲ್ಲಿ ಇರುಂಗೋಳದೇವನು ಆಳುತ್ತಿದ್ದಾಗ ಗಂಗೇಯನ ಮಾರೆಯನೆಂಬವನು ಈ ಬೆಟ್ಟದ ಮೇಲೆ ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಅಲ್ಲಿಯ ಶಾಸನ ದಾಖಲಿಸುತ್ತದೆ. ಬಿ.ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದಾಗ ಇದು ವಿದ್ವಾಂಸರ ಕೈಗೆ ಬಂದಿತು.

ಶಾಸನದ ಕನ್ನಡ ಕಠಿಣವೇನಲ್ಲ. ಹಳಗನ್ನಡವನ್ನು ಕ್ರಮವಾಗಿ ಓದಿದ ಎಂ.ಎ. ವಿದ್ಯಾರ್ಥಿ ಅದರ ವಾಕ್ಯಗಳನ್ನು ಅನ್ವಯಿಸಿಕೊಳ್ಳಬಲ್ಲ. ಆದರೆ ಮೂಲಸಂಘ, ದೇಶೀಯಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯ ಎಂಬ ಪದಸರಣಿ ಬಂದಾಗ ಅವನು ತಡೆಯುತ್ತಾನೆ. ಸಂಘವೆಂಬುದು ಮುನಿಸಮುದಾಯ, ಗಣ, ಗಚ್ಛಗಳು ಅದರ ಒಳಕವಲುಗಳು, ಅನ್ವಯವೆಂಬುದು ಗುರುಪರಂಪರೆ ಎಂದು ನಿಘಂಟು ನೋಡಿ ತಿಳಿಯಬಹುದು. ಆದರೆ ಈ ಪರಂಪರೆ ತನ್ನ ಮೂಲಪುರುಷನೆಂದು ಹೇಳಿಕೊಳ್ಳುವ ಕೊಂಡಕುಂದಾಚಾರ್ಯರು ‘ಪ್ರವಚನಸಾರ’, ‘ಸಮಯಸಾರ’, ‘ಪಂಚಾಸ್ತಿಕಾಯ’ಗಳನ್ನು ಬರೆದದ್ದು ಪ್ರಾಕೃತದಲ್ಲಿ. ಮಾರೆಯನ ಬಸದಿಯ ಗುರುಗಳು ಯಾವ ತತ್ತ್ವವನ್ನು ಓದುತ್ತಿದ್ದರು, ಏನನ್ನು ಬೋಧಿಸುತ್ತಿದ್ದರು ಎಂಬ ಪ್ರಶ್ನೆಗೆ ಉತ್ತರ ಕನ್ನಡದ ಪಠ್ಯಕ್ರಮದೊಳಗೆ ಸಿಕ್ಕುವುದಿಲ್ಲ. ಮುಖ್ಯ ಪದವಿಯ ಜೊತೆಗೆ ಇನ್ನೊಂದು ಓದು ಬೇಕಾಗುವುದು ಇಲ್ಲಿ. ಒಂದು ವರ್ಷದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಎಂಬ ಹೆಸರಿನಲ್ಲಿ ಇಂದು ನಡೆಯುತ್ತಿರುವ ಅಧ್ಯಯನವನ್ನು ಈ ಅಗತ್ಯದ ಹಿನ್ನೆಲೆಯಲ್ಲಿಯೇ ನೋಡಬೇಕು.

ಕನ್ನಡ ಮತ್ತು ಪ್ರಾಕೃತಗಳ ಜೋಡಿ ಓದು ಹೊಸದಲ್ಲ. ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಪ್ರತಿಯೊಂದೂ ಪ್ರಾಕೃತದ ಒಂದು ಗಾಹೆಯಿಂದ ತೊಡಗುತ್ತದೆ, ಕನ್ನಡ ಗದ್ಯ ಅನಂತರ ಬರುತ್ತದೆ. ಆ ಗಾಹೆಗಳು ‘ಭಗವತೀ ಆರಾಧನಾ’ ಎಂಬ ಪ್ರಾಕೃತ ಗ್ರಂಥಕ್ಕೆ ಸೇರಿದವು. ಕೃತಿಯ ಹೆಸರಿನ ಮೊದಲ ಪದವೂ ಪ್ರಾಕೃತ ಮೂಲದ್ದೇ. ಹೀಗೆ ಕನ್ನಡದ ಅತಿ ಪ್ರಾಚೀನ ಗದ್ಯಕೃತಿಗಳಲ್ಲಿ ಒಂದೆನಿಸಿದ ಗ್ರಂಥವೇ ತನ್ನ ಓದುಗನಿಗೆ ಎರಡು ಭಾಷೆಗಳ ಪರಿಚಯವಿದೆಯೆಂದು ಭಾವಿಸಿಕೊಂಡು ಹೊರಟಿದೆ.

ಈ ಕೃತಿಯ ಆಧುನಿಕ ಅಧ್ಯಯನ ಇಬ್ಬರ ದುಡಿಮೆಯಿಂದ ರೂಪುಗೊಂಡಿತು. ಒಬ್ಬರು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿಯಲ್ಲಿ 1906ರಲ್ಲಿ ಹುಟ್ಟಿದ ಡಿ.ಎಲ್. ನರಸಿಂಹಾಚಾರ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1927ರಲ್ಲಿ ಆರಂಭವಾದ ಕನ್ನಡ ಎಂ.ಎ. ತರಗತಿಯ ಮೊದಲ ವಿದ್ಯಾರ್ಥಿಗಳಲ್ಲಿ ಅವರೂ ಒಬ್ಬರು. ‘ವಡ್ಡಾರಾಧನೆ’ಯನ್ನು ಅವರು 1949ರಲ್ಲಿ ಸಂಪಾದಿಸಿ ಹೊರತಂದರು. ಇನ್ನೊಬ್ಬರು ಅದೇ 1906ರಲ್ಲಿ ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿಯ ಅಧ್ಯಾಪಕರಾಗಿದ್ದ ಆ.ನೇ. ಉಪಾಧ್ಯೆ. ಹರಿಷೇಣನ ‘ಬೃಹತ್ಕಥಾಕೋಶ’ಕ್ಕೆ 1943ರಲ್ಲಿ ಬರೆದ ವಿಸ್ತಾರವಾದ ಪ್ರಸ್ತಾವನೆಯಲ್ಲಿ ಅವರು ಆರಾಧನಾ ಕಥೆಗಳ ಪರಂಪರೆಯನ್ನು ಪರಿಶೀಲಿಸುತ್ತ ಕನ್ನಡದ ‘ವಡ್ಡಾರಾಧನೆ’ಗೆ ಅದರಲ್ಲಿರುವ ಸ್ಥಾನವನ್ನೂ ಚರ್ಚಿಸಿದರು. ಕನ್ನಡದ ಪಾಠಶೋಧನೆ ಒಂದು ಕಡೆಯಿಂದ, ಪ್ರಾಕೃತದ ಆಕರಶೋಧನೆ ಇನ್ನೊಂದು ಕಡೆಯಿಂದ ಬಂದು ಸೇರಿದ್ದರಿಂದ ಕೃತಿಯ ಚರಿತ್ರೆ ಸ್ಪಷ್ಟವಾಯಿತು. ಎರಡರಲ್ಲಿ ಒಂದು ಮಾತ್ರ ಇದ್ದಿದ್ದರೆ ಆ ಚಿತ್ರ ಅರ್ಧವಾಗಿಯೇ ಉಳಿಯುತ್ತಿತ್ತು.

ಇದಕ್ಕೆ ವಿಲೋಮವಾದ ಉದಾಹರಣೆ ಮೂಡುಬಿದಿರೆಯಲ್ಲಿದೆ. ಅಲ್ಲಿಯ ಸಿದ್ಧಾಂತ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಲಾ, ಜಯಧವಲಾ, ಮಹಾಧವಲಾ ತಾಡವೋಲೆಗಳ ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಮಾತ್ರ ಹಳಗನ್ನಡದ್ದು. ಷಟ್ಖಂಡಾಗಮವನ್ನು ಧವಲಾ ಟೀಕೆಯೊಡನೆ 1939ರಿಂದ ಹೀರಾಲಾಲ ಜೈನರು ಸಂಪುಟ ಸಂಪುಟವಾಗಿ ಪ್ರಕಟಿಸತೊಡಗಿದಾಗ ಉಪಾಧ್ಯೆಯವರೂ ಆ ಕಾರ್ಯದಲ್ಲಿ ಜೊತೆಗೂಡಿದರು. ದಿಗಂಬರ ಆಗಮದ ಅತ್ಯಂತ ಮುಖ್ಯ ಗ್ರಂಥ ಕನ್ನಡ ಲಿಪಿಯಲ್ಲಿ ಮಾತ್ರ ಬದುಕಿ ಉಳಿದಿತ್ತು. ‘ವಡ್ಡಾರಾಧನೆ’ಯನ್ನು ಅರಿಯಲು ಕನ್ನಡಿಗನಿಗೆ ಪ್ರಾಕೃತ ಬೇಕು, ಧವಲಾ ಮೂಲಪ್ರತಿಯನ್ನು ಓದಲು ಪ್ರಾಕೃತಜ್ಞನಿಗೆ ಕನ್ನಡ ಲಿಪಿ ಬೇಕು.

ಈ ಎರಡು ಓದುಗಳನ್ನು ಒಂದೆಡೆ ತರುವ ವ್ಯವಸ್ಥೆ ಕರ್ನಾಟಕದ ವಿಶ್ವವಿದ್ಯಾನಿಲಯದಲ್ಲಿ ಆದದ್ದು ತಡವಾಗಿ. ಶ್ರವಣಬೆಳಗೊಳದಲ್ಲಿ 1967ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಉಪಾಧ್ಯೆಯವರು 1971ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗದ ಮೊದಲ ಪ್ರಾಧ್ಯಾಪಕರಾಗಿ ಬಂದರು. 1975ರಲ್ಲಿ ಅವರು ತೀರಿಕೊಂಡಾಗ ವಿಭಾಗಕ್ಕಿನ್ನೂ ಎಳೆಯ ವಯಸ್ಸು. ಮುಂದೆ ಶ್ರವಣಬೆಳಗೊಳದಲ್ಲಿ ಚಾರುಕೀರ್ತಿ ಭಟ್ಟಾರಕರ ಆಶ್ರಯದಲ್ಲಿ ಪ್ರಾಕೃತ ಅಧ್ಯಯನ ಸಂಸ್ಥೆ ರೂಪುಗೊಂಡು, ಪ್ರಾಕೃತದಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಪರೀಕ್ಷೆಗಳು ಬಂದವು. ಕನ್ನಡ ಸಾಹಿತ್ಯ ಪರಿಷತ್ತು ನಡೆಸಿದ ಶಾಸನಶಾಸ್ತ್ರದ ಡಿಪ್ಲೊಮಾ ತರಗತಿ ಲಿಪಿಯ ಕಡೆಯಿಂದ ಇದೇ ಕೊರತೆಯನ್ನು ತುಂಬಲು ಯತ್ನಿಸಿತು. ಇವುಗಳಿಗೆ ಬರುವವರಲ್ಲಿ ಬೇರೆ ಪದವಿಯನ್ನು ಓದುತ್ತಿರುವವರೂ ಉದ್ಯೋಗದಲ್ಲಿರುವವರೂ ಇರುತ್ತಾರೆ. ಜೀವನೋಪಾಯದ ಓದನ್ನು ಬಿಡದೆ, ಅದರ ಪಕ್ಕದಲ್ಲಿ ಮಾಡುವ ಓದು ಇದು.

ಇಂಥ ಓದು ಒಬ್ಬ ವಿದ್ವಾಂಸನ ದಾರಿಯನ್ನೇ ಬದಲಿಸಿದ್ದುಂಟು. ಮೈಸೂರಿನಲ್ಲಿ ಹುಟ್ಟಿ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಕಾಲೇಜುಗಳಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಎ.ಕೆ. ರಾಮಾನುಜನ್ 1958ರ ಸುಮಾರಿಗೆ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನದ ಡಿಪ್ಲೊಮಾ ಪಡೆದರು. ಅಲ್ಲಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋಗಿ 1963ರಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಗಳಿಸಿ, ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಪ್ರಾಧ್ಯಾಪಕರಾದರು. ವಚನಗಳು ಇಂಗ್ಲಿಷ್ ಓದುಗರನ್ನು ತಲುಪಿದ ಬಗೆಗೆ ಆ ಪುಟ್ಟ ಡಿಪ್ಲೊಮಾದ ಹಿನ್ನೆಲೆಯೂ ಇದೆ.

ಅಮೆರಿಕದಲ್ಲಿ 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆಯ ನಂತರ ಏಷ್ಯಾದ ಭಾಷೆಗಳ ಅಧ್ಯಯನಕ್ಕೆ ಸರಕಾರದ ಹಣ ಹರಿದುಬಂದು ಹಲವು ಕೇಂದ್ರಗಳು ಬೆಳೆದವು. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಏಷ್ಯಾ ಅಧ್ಯಯನ ಕೇಂದ್ರದಂಥ ಕಡೆ ಸ್ನಾತಕೋತ್ತರ ವಿದ್ಯಾರ್ಥಿ ತನ್ನ ಮುಖ್ಯ ವಿಷಯದ ಜೊತೆಗೇ ಏಷ್ಯಾ ಅಧ್ಯಯನದ ಸರ್ಟಿಫಿಕೇಟ್ ಪಡೆಯಬಹುದು. ಇತಿಹಾಸದವನು ಇತಿಹಾಸದವನಾಗಿಯೇ ಉಳಿಯುತ್ತಾನೆ. ತಾನು ಬರೆಯಲಿರುವ ನಾಡಿನ ಭಾಷೆಯನ್ನೂ ಸಂಸ್ಕೃತಿಯನ್ನೂ ಜೊತೆಯಲ್ಲಿ ಕಲಿಯುತ್ತಾನೆ. ಭಾಷೆಯ ಕಲಿಕೆಗೆ ಅಲ್ಲಿರುವ ಸ್ಥಾನವನ್ನು ಇಲ್ಲಿಯವರು ಗಮನಿಸಬೇಕು.

ಭಾರತದಲ್ಲಿ ನಿಯಮದ ಅಡ್ಡಿ ಈಗ ಬಹುಮಟ್ಟಿಗೆ ಇಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ತರಗತಿಗಳ ವೇಳೆ ಒಂದರ ಮೇಲೊಂದು ಬೀಳದಿದ್ದರೆ ಎರಡು ಶಿಕ್ಷಣಕ್ರಮಗಳನ್ನು ಏಕಕಾಲದಲ್ಲಿ ಓದಲು ಅನುಮತಿ ನೀಡಿತು, ಪಿಎಚ್.ಡಿ.ಗೆ ಮಾತ್ರ ಇದು ಅನ್ವಯಿಸದು. ಕನ್ನಡಕ್ಕೆ 2008ರಲ್ಲಿ ದೊರೆತ ಶಾಸ್ತ್ರೀಯ ಭಾಷೆಯ ಸ್ಥಾನ 2024ರ ಅಕ್ಟೋಬರ್‌ನಲ್ಲಿ ಪ್ರಾಕೃತಕ್ಕೂ ದೊರೆಯಿತು.

ಆದರೆ ಅನುಮತಿಯೂ ಮನ್ನಣೆಯೂ ಓದನ್ನು ತಾವಾಗಿ ಹುಟ್ಟಿಸಲಾರವು. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದ ವಿದ್ಯಾರ್ಥಿಗೆ ಮೈಸೂರು, ಬೆಂಗಳೂರು, ಶ್ರವಣಬೆಳಗೊಳಗಳೆಲ್ಲ ದೂರ. ಅವನ ಸೀಮೆಯ ಚರಿತ್ರೆಯಾದರೂ ತಾಲೂಕಿನ ಗಡಿಯಲ್ಲಿ ನಿಲ್ಲುವುದಿಲ್ಲ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಈಗಿನ ಹೇಮಾವತಿ, ಮತ್ತು ಜೈನ ಶಾಸನಗಳಿರುವ ಅಮರಾಪುರ ಇಂದು ಆಂಧ್ರಪ್ರದೇಶದಲ್ಲಿವೆ. ಅಲ್ಲಿಯ ಶಾಸನಗಳು ಕನ್ನಡದವು. ಅವುಗಳನ್ನು ಅವುಗಳ ಧಾರ್ಮಿಕ ಪರಿಭಾಷೆಯೊಡನೆ ಓದಬಲ್ಲವರು ಈ ಸೀಮೆಯೊಳಗಿಂದಲೇ ತಯಾರಾಗುವುದು ಹೆಚ್ಚು ಸಹಜ.

ಅರ್ಜಿಯ ಪುಟದಲ್ಲಿ ಒಂದು ಸಾಲು ಹೆಚ್ಚಿಸಿಕೊಳ್ಳಲು, ಪ್ರಶ್ನೋತ್ತರ ಕಂಠಪಾಠ ಮಾಡಿ ಪಡೆದ ಸರ್ಟಿಫಿಕೇಟಿನಿಂದ ಇದು ಸಾಧ್ಯವಾಗದು. ಒಂದು ವರ್ಷದ ಕೊನೆಗೆ ವಿದ್ಯಾರ್ಥಿ ‘ವಡ್ಡಾರಾಧನೆ’ಯ ಗಾಹೆಗಳನ್ನು ನಿಘಂಟಿನ ನೆರವಿನಿಂದ ತಾನೇ ಅರ್ಥೈಸಬೇಕು, ತನ್ನ ತಾಲೂಕಿನ ಒಂದು ಜೈನ ಶಾಸನದ ಪಾಠವನ್ನು ಕಲ್ಲಿನೊಡನೆ ಹೋಲಿಸಿ, ಅದರ ಗಣ, ಗಚ್ಛ, ಅನ್ವಯಗಳಿಗೆ ಟಿಪ್ಪಣಿ ಬರೆಯಬೇಕು. ಪರೀಕ್ಷೆಯಲ್ಲಿ ಈ ಎರಡನ್ನು ಕಡ್ಡಾಯಗೊಳಿಸಿದರೆ ಸಾಕು. ಮಾರೆಯನ ಶಾಸನದೆದುರು ನಿಂತ ಕನ್ನಡ ಎಂ.ಎ. ವಿದ್ಯಾರ್ಥಿ ಕೊಂಡಕುಂದಾನ್ವಯ ಎಂಬಲ್ಲಿ ತಡೆಯದೆ ಮುಂದಕ್ಕೆ ಓದಿಯಾನು.